ಕಾರಿನ ಕುಲಗೋತ್ರ

ನಮ್ಮ ತಿಪಟೂರಿನ ಕಡೆಯ ನರ್ಸ್ ಒಬ್ಬಳು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದಳು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿಕೊಳ್ಳುವ ಹೊಸ ಕೆಲಸ ಸೋಮವಾರ ಶುರು. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಬುಕ್ ಮಾಡಿದ್ದ ಕಾರು ತರಲು ಹೋದಳು.

ಶೋರೂಮಿನ ಮ್ಯಾನೇಜರ್ ಹಾರ್ಗ್ರೀವ್ಸ್ ಸಾಹೇಬ ಟೈ ಸರಿಮಾಡಿಕೊಂಡು ಹೇಳಿದ, "ಬೆಲೆ ಏರಿದೆ ಮೇಡಂ. ಬ್ರೆಕ್ಸಿಟ್ ಆದಮೇಲೆ ಯುರೋಪಿನಿಂದ ಬಿಡಿಭಾಗ ತರಿಸೋದು ಸುಲಭವಲ್ಲ. ಗಡಿಯಲ್ಲಿ ತಪಾಸಣೆ, ಕಾಗದಪತ್ರ, ಎಲ್ಲಕ್ಕೂ ಖರ್ಚು. ಹೆಚ್ಚಿನ ಹಣ ಕೊಟ್ಟರೆ ಕಾರು ನಿಮ್ಮದು, ಇಲ್ಲವಾದರೆ ಬೇರೆಯವರದು."

ಅವನ ಬೆನ್ನ ಹಿಂದೆ ದೊಡ್ಡ ಬಾವುಟ. ಅದರ ಕೆಳಗೆ, 'ಅಪ್ಪಟ ಬ್ರಿಟಿಷ್ ಕಾರು' ಎಂಬ ಬೋರ್ಡು. ಅದನ್ನು ನಂಬಿ ಬಂದ ಗಿರಾಕಿಗಳು ಶೋರೂಮಿನ ತುಂಬ.

ಇವಳು ವಾದಕ್ಕೇ ಇಳಿಯಲಿಲ್ಲ. ಚೀಲದಿಂದ ಕುಂಕುಮ, ನಿಂಬೆಹಣ್ಣು ತೆಗೆದಳು.

"ಆಗಲಿ ಸರ್, ಮೊದಲು ಪೂಜೆ ಮುಗಿಸಿಬಿಡ್ತೀನಿ. ನಮ್ಮಲ್ಲಿ ಪೂಜೆ ಯಾರಿಗೋ ಅವರ ಊರು, ಕುಲ, ಗೋತ್ರ ಗಟ್ಟಿಯಾಗಿ ಹೇಳಬೇಕು. ಈ ಕಾರಿನ ಇಂಜಿನ್ ಯಾವ ದೇಶದ್ದು?"

"ಜರ್ಮನಿ," ಎಂದ ಸಾಹೇಬ, ಮೆಲ್ಲಗೆ.

"ಇಂಜಿನ್, ಜರ್ಮನಿ ದೇಶೋದ್ಭವ," ಎಂದು ಅವಳು ಮಂತ್ರದ ರಾಗದಲ್ಲಿ ಇಂಗ್ಲಿಷಿನಲ್ಲೇ ಸಾರಿದಳು. ಗಿರಾಕಿಗಳು ತಿರುಗಿ ನೋಡಿದರು. "ಗೇರ್‌ಬಾಕ್ಸು ಯಾವೂರದು ಸರ್?"

ಸಾಹೇಬ ಗಿರಾಕಿಗಳನ್ನು ನೋಡಿದ, ಬೋರ್ಡು ನೋಡಿದ. "ಮಿಕ್ಕಿದ್ದೆಲ್ಲ ಇಲ್ಲಿಯದೇ ಅಂದುಕೊಳ್ಳಿ ಮೇಡಂ."

"ಹಾಗಾದರೆ ಗಡಿ ದಾಟಿದ್ದು ಇಂಜಿನ್ ಒಂದೇ. ಮಿಕ್ಕಿದ್ದಕ್ಕೆಲ್ಲ ಗಡಿಯ ಖರ್ಚು ಯಾಕೆ?"

ಸಾಹೇಬ ಅವಳ ಕಿವಿಯ ಹತ್ತಿರ ಬಗ್ಗಿದ. "ಹಳೇ ಬೆಲೆಯೇ ಇರಲಿ. ಪೂಜೆ ಮಾತ್ರ ದಯವಿಟ್ಟು ಮನಸ್ಸಿನಲ್ಲೇ ಮಾಡಿಕೊಳ್ಳಿ."

"ಅದಕ್ಕೂ ನಮ್ಮಲ್ಲಿ ಪದ್ಧತಿ ಇದೆ," ಎಂದು ಅವಳು ಕೈಚಾಚಿದಳು. "ಕೀ ಕೈಗೆ ಬಂದ ಮೇಲೆ ಮೌನವಾಗಿ ಮಾಡೋದು."