ತೊಲೆ ಏರಿಸಲು ಅರಸನ ಅಪ್ಪಣೆ

"ಕೇಳ್ರಪ್ಪೋ ಕೇಳ್ರಿ! ಇಂದಿನಿಂದ ಹಾಲ್ಗೆರೆ ಪಟ್ಟಣದಲ್ಲಿ ಅಪ್ಪಣೆಯಿಲ್ಲದೆ ಯಾರೂ ಭಾರ ಎತ್ತುವ ರಾಟೆ ನಿಲ್ಲಿಸಕೂಡದು! ಅಪ್ಪಣೆ ಬೇಕಾದವರು ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಅಪ್ಪಣೆ, ಜೊತೆಗೆ ರಾಜಕುಮಾರಿಯೊಂದಿಗೆ ಮದುವೆ. ಸೋತವರಿಗೆ ತಲೆದಂಡ!"

ಡಂಗುರ ಕೇಳಿ ಜನ ಒಳಗೊಳಗೇ ನಕ್ಕರು. ರಾಟೆಯಿಂದ ಜಾರಿದ ಕಲ್ಲೊಂದು ಅರಸನ ಪೇಟವನ್ನು ಸವರಿಕೊಂಡು ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ರಾಟೆಯ ಹಗ್ಗ ಎಳೆದು ಬದುಕುತ್ತಿದ್ದ ದ್ಯಾವಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನ ತಾಯಿಯ ಹೊಸ ಮನೆಗೆ ಗೋಡೆ ಎದ್ದಿತ್ತು, ತೊಲೆ ಅಂಗಳದಲ್ಲೇ ಬಿದ್ದಿತ್ತು. ಮಳೆ ಶುರುವಾಗುವುದರೊಳಗೆ ಅದನ್ನು ಏರಿಸಬೇಕು. ಹೆದರುತ್ತಲೇ ಆಸ್ಥಾನಕ್ಕೆ ಹೋದ.

ಅಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ನೆರೆನಾಡಿನ ರಾಜಕುಮಾರ, ಇನ್ನೊಬ್ಬ ದೊಡ್ಡ ಗುತ್ತಿಗೆದಾರ.

ರಾಜಕುಮಾರಿ ಗೌರಾಜಮ್ಮಣ್ಣಿ ಕೇಳಿದಳು: "ಮನೆ ಕಟ್ಟುವಾಗ ಬಂದು ಎಲ್ಲರಿಗಿಂತ ಹೆಚ್ಚು ಹೊರುತ್ತಾನೆ. ಗೃಹಪ್ರವೇಶಕ್ಕೆ ಮೊದಲೇ ಅವನನ್ನು ಕಳಿಸಿಬಿಡುತ್ತಾರೆ. ಯಾರು?"

"ಮೇಸ್ತ್ರಿ!" ಎಂದ ರಾಜಕುಮಾರ.

"ಮೇಸ್ತ್ರಿಗೆ ಗೃಹಪ್ರವೇಶದಲ್ಲಿ ಪಂಚೆ ಕೊಟ್ಟು ಊಟ ಹಾಕ್ತಾರಲ್ಲಾ, ಬುದ್ಧೀ," ಎಂದ ದ್ಯಾವಣ್ಣ. "ಅದು ರಾಟೆ. ಕೆಲ್ಸ ಮುಗೀತಿದ್ದಂಗೇ ಬಿಚ್ಚಿ ಹಾಕ್ತಾರೆ."

ಭಟರು ರಾಜಕುಮಾರನನ್ನು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. "ನಾನೂ ಅದನ್ನೇ ಹೇಳುವವನಿದ್ದೆ!" ಎಂದು ಗುತ್ತಿಗೆದಾರ ಬೆವರು ಒರೆಸಿಕೊಂಡ.

"ರಾಟೆಯಲ್ಲಿ ಏನೆತ್ತಿದರೂ ಅಪ್ಪಣೆ ಬೇಕು. ಒಂದಕ್ಕೆ ಮಾತ್ರ ವಿನಾಯಿತಿ. ಯಾವುದಕ್ಕೆ?" ಎಂದು ರಾಜಕುಮಾರಿ ಎರಡನೆಯ ಒಗಟು ಹಾಕಿದಳು.

"ಪ್ರಭುಗಳ ಸಿಂಹಾಸನಕ್ಕೆ," ಎಂದು ಗುತ್ತಿಗೆದಾರ ಹಲ್ಲುಕಿರಿದ.

"ಸಿಂಹಾಸನ ಒಂದ್ ದಿನ ಕಾಯ್ತದೆ," ಎಂದ ದ್ಯಾವಣ್ಣ. "ಬಾವಿಗೆ ಬಿದ್ದ ಜೀವ ಕಾಯಾಕಿಲ್ಲ, ತಾಯೀ. ಅದನ್ನ ಎತ್ತಾಕೆ ಯಾರನ್ನೂ ಕೇಳ್ಬೇಕಾಗಿಲ್ಲ."

ರಾಜಕುಮಾರಿ ತಲೆದೂಗಿದಳು. ಗುತ್ತಿಗೆದಾರನೂ ಭಟರ ಪಾಲಾದ.

"ಅಪ್ಪಾಜಿ ಅಪ್ಪಣೆ ಕೊಟ್ಟ ಮೇಲೂ ಹಗ್ಗ ಎಳೆಯುವ ಮುನ್ನ ಇನ್ನೊಬ್ಬರ ಅಪ್ಪಣೆ ಬೇಕು. ಅದು ಯಾರದು?"

"ದೇವರದು, ದೇವರದು!" ಎಂದು ಆಸ್ಥಾನವೆಲ್ಲ ಪಿಸುಗುಟ್ಟಿತು. ದ್ಯಾವಣ್ಣ ಮಾತ್ರ ಹಗ್ಗಕ್ಕೆ ಕೈಹಾಕುವ ಮೊದಲು ತಾನು ದಿನವೂ ಏನು ಮಾಡುತ್ತೇನೆಂದು ನೆನೆದುಕೊಂಡ.

"ಕೆಳಗೆ ನಿಂತೋರದು, ತಾಯೀ. 'ಕೆಳಗ್ಯಾರು?' ಅಂತ ಕೂಗ್ತೀವಿ. ಅವರು 'ಸರಿದೆ, ಎಳಿ' ಅನ್ನೋಗಂಟ ನಾವು ಎಳೆಯಾಕಿಲ್ಲ."

ಅರಸ ಪೇಟ ಮುಟ್ಟಿ ನೋಡಿಕೊಂಡು ಗಹಗಹಿಸಿ ನಕ್ಕ. "ಗೆದ್ದೆಯಪ್ಪಾ! ಅಪ್ಪಣೆ ನಿನ್ನದು. ಮದುವೆ ಎಂದು?"

"ತೊಲೆ ಏರ್ಲಿ, ಬುದ್ಧೀ. ಹಗ್ಗಕ್ಕೆ ಜನ ಸಾಲದು, ಈ ಇಬ್ಬರನ್ನ ಬಿಟ್ಟುಕೊಡಿ."

ಮರುದಿನ ಆ ಇಬ್ಬರೂ ತಲೆ ಉಳಿದ ಖುಷಿಯಲ್ಲಿ ಹಗ್ಗ ಹಿಡಿದರು. ಗೌರಾಜಮ್ಮಣ್ಣಿಯೂ ಸೆರಗು ಸಿಕ್ಕಿಸಿಕೊಂಡು ಬಂದಳು. ತೊಲೆ ನೋಡಲು ಅರಸ ರಾಟೆಯಡಿಗೇ ಬಂದು ನಿಂತ.

"ಕೆಳಗ್ಯಾರು?" ಎಂದು ಕೂಗಿದಳು ಮಗಳು.

"ನಾನಮ್ಮಾ, ಮಹಾರಾಜ!"

"ಯಾರಾದರೇನು, ಸರಿಯಿರಿ!"

ಮಹಾರಾಜ ಸರಿದು ನಿಂತು, "ಸರಿದೆ, ಎಳಿ!" ಎಂದ.