ಬಾಳೆನಾರಿನ ಓಟ

ಹೊಳೆದಂಡೆಯ ಮಠದಲ್ಲಿ ದಾಕ್ಷಾಯಣಿ ಎಂಬ ಶಿಷ್ಯೆ ಇದ್ದಳು. ಹುಟ್ಟಿನಿಂದ ಕಣ್ಣು ಕಾಣದು. ಓಟದಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ.

ಅಂಧರ ಓಟದಲ್ಲಿ ಕಣ್ಣಿದ್ದವರೊಬ್ಬರು ಜೊತೆಗೆ ಓಡುತ್ತಾರೆ. ಇಬ್ಬರ ಮಣಿಕಟ್ಟಿಗೂ ಒಂದೇ ಹಗ್ಗ. ದಾರಿ ಹೇಳಬಹುದು, ಎಳೆಯುವಂತಿಲ್ಲ. ದಾಕ್ಷಾಯಣಿಯ ಜೊತೆ ಓಡುತ್ತಿದ್ದವನು ಅದೇ ಮಠದ ಶಿವಪುತ್ರ.

ಆ ವರ್ಷ ಅವಳು ರಾಜ್ಯಕ್ಕೇ ಮೊದಲು ಬಂದಳು. ಅದೇ ತಿಂಗಳು ಬಿ.ಎ. ಫಲಿತಾಂಶ, ಇತಿಹಾಸದಲ್ಲೂ ಅವಳೇ ಮೊದಲು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಳು.

ಊರವರು ಸನ್ಮಾನ ಮಾಡಿದರು. ಹಾರ ಕೊರಳಿಗೆ ಬಿದ್ದಿತ್ತಷ್ಟೆ, ಹಿಂದಿನಿಂದ ಯಾರೋ ಅಂದರು: “ಓಡಿಸಿದಾಂವ ಅಂವ, ಬರದಾಕಿ ಆಕಿ. ನಡುವ ಈಕಿದೇನೈತಿ?”

ಆಡುವ ಬಾಯಿಗೆ ಬೀಗ ಹಾಕಲಾದೀತೇ? ಆದರೆ ಆ ಮಾತು ಅವಳಿಗೆ ನಾಟಿತು. ಬಹಳ ನೋವಾಯಿತು.

ಮಠಕ್ಕೆ ಬಂದವಳೇ ಗುರುಗಳ ಮುಂದೆ ಕುಳಿತಳು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ಮುಂದಿನ ವಾರದ ದೇಶದ ಓಟಕ್ಕ ನಾ ಹೋಗೂದಿಲ್ರಿ.”

“ಯಾಕವ್ವಾ?”

“ಗೆದ್ದದ್ದು ನಾನೋ ಹಗ್ಗಾನೋ, ನನಗ ಗೊತ್ತಿಲ್ರಿ.”

ಗುರುಗಳು ಸಮಾಧಾನ ಹೇಳಲಿಲ್ಲ. “ಮುಂಜಾನೆ ಶಿವಪುತ್ರನ್ನ ಕರಕೊಂಡು ಹೊಳಿ ಉಸುಕಿಗೆ ಬಾ” ಎಂದರು.

ಬೆಳಿಗ್ಗೆ ಅವರು ಹೊಳೆಯ ಉಸುಕಿನಲ್ಲಿ ಪೂಜೆಗೆ ಹೂ ಕಟ್ಟುತ್ತ ಕುಳಿತಿದ್ದರು. ಬುಟ್ಟಿಯಿಂದ ಬಾಳೆನಾರಿನ ಒಂದೇ ಎಳೆ ತೆಗೆದು, ಹಗ್ಗದ ಬದಲು ಅದನ್ನೇ ಇಬ್ಬರ ಕೈಗೂ ಕಟ್ಟಿದರು.

ದಾಕ್ಷಾಯಣಿ ಮುಟ್ಟಿ ನೋಡಿದಳು. “ಇದು ಹರೀತೈತ್ರಿ.”

“ಜಗ್ಗಿದ್ರ ಹರೀತೈತಿ. ಓಡ್ರಿ.”

ಹೊಳೆಯ ಮೆಟ್ಟಿಲಿನಿಂದ ದಂಡೆಯ ಬೇವಿನ ಮರದವರೆಗೆ, ಅಲ್ಲಿಂದ ವಾಪಸು. ಅರ್ಧ ದಾರಿಯಲ್ಲೇ ನಾರು ಹರಿಯಿತು.

“ಮಂದಿ ಅಂದದ್ದು ಖರೆ ಆತಲ್ರಿ” ಎಂದಳು ದಾಕ್ಷಾಯಣಿ.

“ಯಾರು ಜಗ್ಗಿದ್ರು?” ಎಂದರು ಗುರುಗಳು.

“ನಾ ಅಲ್ರಿ ಅಜ್ಜಾರ” ಎಂದ ಶಿವಪುತ್ರ.

ದಾಕ್ಷಾಯಣಿ ನಾರಿನ ಹರಿದ ತುದಿಯನ್ನು ಬೆರಳಿನಿಂದ ಸವರಿದಳು. ಆಮೇಲೆ, “ನಾನ ಜಗ್ಗಿದೆ. ಇವನ ಆಸರ ಬ್ಯಾಡ, ಒಬ್ಬಾಕಿನ ಓಡಬೇಕು ಅನಸ್ತು” ಎಂದಳು.

ಗುರುಗಳು ಇನ್ನೊಂದು ಎಳೆ ಕಟ್ಟಿದರು.

ಈ ಸಲ ಇಬ್ಬರ ಹೆಜ್ಜೆ ಒಟ್ಟಿಗೆ ಬಿದ್ದವು. “ಎಡಕ್ಕ”, “ತಿರುವು ಬಂತು”, ಶಿವಪುತ್ರನದು ಅಷ್ಟೇ ಮಾತು. ನಾಲ್ಕನೇ ಸುತ್ತಿಗೆ ಅದೂ ಅವನ ಬಾಯಿಂದ ಏದುಸಿರಿನ ನಡುವೆ ಕಷ್ಟದಿಂದ ಹೊರಡುತ್ತಿತ್ತು. ಅವಳಿಗೆ ಉಸಿರು ಇನ್ನೂ ಉಳಿದಿತ್ತು.

ನಿಂತ ಮೇಲೆ ಅವಳು ನಾರಿನ ಮೇಲೆ ಬೆರಳಾಡಿಸಿದಳು. ತನ್ನ ಮಣಿಕಟ್ಟಿನಿಂದ ಅವನ ಮಣಿಕಟ್ಟಿನವರೆಗೂ ಹರಿಯದೆ ಇಡಿಯಾಗಿತ್ತು.

ಮುಖ ಅರಳಿತು. ಮರುಕ್ಷಣವೇ ಮತ್ತೊಂದು ಸಂಶಯ. “ಮತ್ತ ಪರೀಕ್ಷಾದ್ದು?”

“ನಿನಗ ಬರದು ಕೊಟ್ಟ ಹುಡುಗಿಗೆ ಈ ಸಲ ಇತಿಹಾಸದಾಗ ನೂರಕ್ಕ ಹನ್ನೆರಡು ಬಂದಾವು.”

ದಾಕ್ಷಾಯಣಿ ಗೊಳ್ಳೆಂದು ನಕ್ಕಳು. ನಾರನ್ನು ಬಿಚ್ಚಿ, ಸುತ್ತಿ, ಮುಷ್ಟಿಯಲ್ಲಿ ಹಿಡಿದಳು.

“ಓಟಕ್ಕ ಹೋಗ್ತೀನ್ರಿ ಅಜ್ಜಾರ. ಇದನ್ನ ಸಂಗಾಟ ಒಯ್ತೀನಿ. ಇನ್ನ ಯಾರರ ಆಡಿಕೊಂಡ್ರ ತೋರಸ್ತೀನಿ.”

ಗುರುಗಳು ಅವಳ ಮುಷ್ಟಿ ಬಿಡಿಸಿದರು.

“ಕೊಡು ಇಲ್ಲೆ. ಪೂಜಿ ಹೂವು ಇನ್ನೂ ಅರ್ಧ ಕಟ್ಟೂದೈತಿ.”