ಎರಡೂ ಪಟ್ಟಿಯಲ್ಲಿಲ್ಲದ ಹೆಸರು

"ಸರ್, ರೋಗಿಗಳ ಈ ಟೇಬಲ್‌ನಲ್ಲಿ ನಾನೂರಕ್ಕೂ ಹೆಚ್ಚು ಸಾಲುಗಳಲ್ಲಿ 'ಸ್ಥಿತಿ' ಅನ್ನೋ ಅಂಕಣ ಖಾಲಿ ಇದೆ. ಖಾಲಿ ಅಂದರೆ ಅಲ್ಲಿ ಏನೂ ಇಲ್ಲ ಅಂತ ತಾನೆ? ಆ ಸಾಲುಗಳನ್ನು ಅಳಿಸಿಬಿಡಲೇ?"

ಕೇಳಿದವಳು ಭಾರ್ಗವಿ. ಆಸ್ಪತ್ರೆಗಳ ಡೇಟಾಬೇಸ್ ನೋಡಿಕೊಳ್ಳುವ ಆ ಕಚೇರಿಗೆ ಅವಳು ಸೇರಿ ಮೂರು ವಾರವಾಗಿತ್ತು. ಕೇಳಿಸಿಕೊಂಡವರು ತಿಪ್ಪೇಶಪ್ಪ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯುಎಲ್ ಕಲಿಸುತ್ತಿದ್ದವರು, ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟು ಗೊತ್ತಿಲ್ಲದ ಆಸಾಮಿ. "ಅಳಿಸೋದಕ್ಕೆ ಅವಸರ ಏನಮ್ಮ, ಸಾಲುಗಳು ಎಲ್ಲೂ ಓಡಿಹೋಗೋದಿಲ್ಲ. ಕೂತ್ಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಂದು ಸೀಮೆಯಲ್ಲಿ ಹೊಳೆ ಉಕ್ಕಿತು. ಒಂಬತ್ತು ಊರುಗಳ ಜನ ದಿಕ್ಕಾಪಾಲಾದರು. ಸಿಕ್ಕವರನ್ನು ಸಿಕ್ಕ ಕಡೆಗೆ ಸಾಗಿಸಿದರು, ಕೆಲವರನ್ನು ಶಾಲೆಗಳಲ್ಲಿ ತೆರೆದ ಶಿಬಿರಗಳಿಗೆ, ಕೆಲವರನ್ನು ದೂರದ ಆಸ್ಪತ್ರೆಗಳಿಗೆ. ಯಾರು ಎಲ್ಲಿದ್ದಾರೆಂದು ಹೇಳಲು ಒಬ್ಬ ಡೇಟಾಬೇಸ್ ಪಾಲಕನನ್ನು ಕೂರಿಸಿದರು.

ಪಾಲಕ ಕೆಲಸದಲ್ಲಿ ಚುರುಕು. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಎಲ್ಲ ಕಡೆಯಿಂದ ಹೆಸರು, ಊರು, ಸ್ಥಿತಿ, ತಾರೀಖು ಒಂದೇ ಟೇಬಲ್‌ಗೆ ಬಂದು ಸೇರುವಂತೆ ಮಾಡಿದ. ಅವನ ಕಚೇರಿಯ ಕಿಟಕಿಯ ಮುಂದೆ ಜನ ಕಿಕ್ಕಿರಿದಿದ್ದರು. ಒಬ್ಬೊಬ್ಬರಿಗಾಗಿ ಹುಡುಕುತ್ತ ಕೂತರೆ ಮುಗಿಯದೆಂದು ಟೇಬಲನ್ನು ಕೇಳುವ ಎರಡು ಪ್ರಶ್ನೆ, ಅಂದರೆ ಕ್ವೆರಿ, ಬರೆದಿಟ್ಟ. ಸ್ಥಿತಿ 'ಮೃತ' ಎಂದಿರುವವರನ್ನು ಕೊಡು ಎಂಬುದು ಒಂದು. ಸ್ಥಿತಿ 'ಮೃತ' ಅಲ್ಲದವರನ್ನು ಕೊಡು ಎಂಬುದು ಇನ್ನೊಂದು. ದಿನಾ ಬೆಳಿಗ್ಗೆ ಎರಡೂ ಪಟ್ಟಿ ಅವನ ಮುಂದೆ ಬರುತ್ತಿದ್ದವು. ಮನುಷ್ಯ ಸತ್ತಿರಬೇಕು, ಇಲ್ಲವೇ ಸತ್ತಿರಬಾರದು, ಮೂರನೆಯದು ಎಲ್ಲಿಂದ ಬರಬೇಕು ಎಂದುಕೊಂಡ.

ಮೊದಲನೆಯ ದಿನವೇ ಒಬ್ಬ ಹೆಂಗಸು ಬಂದಳು. ಗಂಡ ನೀರಿನಲ್ಲಿ ಕೈತಪ್ಪಿದ್ದ. ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ರೇಷನ್ ಕಾರ್ಡನ್ನು ಕಿಟಕಿಯೊಳಗೆ ಚಾಚಿ, ಅವನ ಹೆಸರಿನ ಮೇಲೆ ಬೆರಳಿಟ್ಟಳು. ಪಾಲಕ ಎರಡೂ ಪಟ್ಟಿ ನೋಡಿದ. ಹೆಸರಿರಲಿಲ್ಲ. ಮರುದಿನ ಬಂದಳು, ಇರಲಿಲ್ಲ. ಅದರ ಮರುದಿನವೂ ಬಂದಳು. ಕಾಗುಣಿತ ತಪ್ಪಿರಬಹುದೆಂದು ಅವನು ನಾಲ್ಕು ಬಗೆಯಲ್ಲಿ ಬರೆದು ನೋಡಿದ. ಹುಡುಕಿದ್ದು ಮಾತ್ರ ಆ ಎರಡು ಪಟ್ಟಿಗಳಲ್ಲೇ. ಅವಳ ಕಾರ್ಡಿನ ಅಂಚು ದಿನದಿನಕ್ಕೆ ಸವೆಯುತ್ತಿತ್ತು.

ಶಿಬಿರದ ಹಿರಿಯರು ಅವಳಿಗೆ ಹೇಳಿದರು, ಹೊಳೆ ತೆಗೆದುಕೊಂಡು ಹೋದವರು ಬರುವುದಿಲ್ಲ, ಮಾಡಬೇಕಾದ್ದನ್ನು ಮಾಡಿ ಮುಗಿಸು ಎಂದು. ಒಂಬತ್ತನೆಯ ದಿನ ಅವಳು ಕಿಟಕಿಯ ಮುಂದೆ ನಿಂತು ಬಳೆ ತೊಟ್ಟ ಎರಡೂ ಕೈ ತೋರಿಸಿದಳು.

"ಬಳಿ ತಗೀಲೋ, ಇಟ್ಕೊಳ್ಲೋ? ನೀವ ಹೇಳ್ರಿ ಸಾಹೇಬ್ರ. ನಾ ಯಾರ್ನ ಕೇಳ್ಲಿ?"

ಪಾಲಕ ಎರಡೂ ಪಟ್ಟಿಯನ್ನು ಮತ್ತೊಮ್ಮೆ ನೋಡಿದ. ಇನ್ನೂ ಎಷ್ಟು ದಿನ ಇವಳನ್ನು ಅಲೆಸುವುದು ಎನಿಸಿತು. "ನನ್ನ ಪಟ್ಟಿ ಸುಳ್ಳು ಹೇಳೂದಿಲ್ಲ ತಾಯಿ. ಇದ್ದಿದ್ರ ಇಷ್ಟೊತ್ತಿಗೆ ಹೆಸರು ಬರ್ತಿತ್ತು" ಎಂದ. ಕರುಣೆಯಿಂದಲೇ ಹೇಳಿದ. ಅವಳು ತಲೆಯಾಡಿಸಿ ಹೋದಳು. ಆ ಸಂಜೆಯೇ ಶಿಬಿರದಲ್ಲಿ ಅವಳ ಬಳೆ ತೆಗೆಸಿದರು.

ಹನ್ನೆರಡನೆಯ ದಿನ ಬೆಳಿಗ್ಗೆ ಮೃತರ ಪಟ್ಟಿಯಲ್ಲಿ ಆ ಹೆಸರು ಕಂಡಿತು. ಪಾಲಕ ಅವಳಿಗೆ ಹೇಳಿಕಳುಹಿಸಿದ. ಅವಳು ಬರಿಗೈಯಲ್ಲಿ ಬಂದು ನಿಂತಳು. ಹೆಣ ಎರಡು ತಾಸಿನ ದಾರಿಯ ಒಂದು ಆಸ್ಪತ್ರೆಯಲ್ಲಿದೆ ಎಂದು ತಿಳಿಸಿ, ಅವನು ತಾರೀಖನ್ನು ಓದಿದ.

"ನಿನ್ನಿ ತೀರಿದ್ರು ಅಂತ ಐತೇನ್ರಿ?"

"ಹೌದು."

"ಹಂಗಾರ ಮೊನ್ನೆ ಇದ್ರ?"

ಅವಳು ಉತ್ತರಕ್ಕೆ ಕಾಯಲಿಲ್ಲ. ತನ್ನ ಮಣಿಕಟ್ಟನ್ನು ಒಮ್ಮೆ ನೋಡಿಕೊಂಡು, ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರನ್ನೋ ಕೇಳುತ್ತ ಹೋದಳು.

ಆಮೇಲೆ ಅವನು ಆ ಸಾಲನ್ನು ಕೆದಕಿದ. ಹೆಸರು ಮೊದಲ ದಿನವೇ ಟೇಬಲ್‌ಗೆ ಬಂದಿತ್ತು. ಊರೂ ಇತ್ತು. ಕಾಗುಣಿತ ಕೂಡ ಸರಿಯಾಗಿತ್ತು. ಆ ಆಸ್ಪತ್ರೆಯ ನರ್ಸ್ ರೋಗಿಯ ಜೇಬಿನಲ್ಲಿದ್ದ ಚೀಟಿ ನೋಡಿ ಬರೆದುಕೊಂಡಿದ್ದಳು. 'ಕ್ಷೇಮ', 'ಗಾಯ', 'ಮೃತ' ಎಂಬ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ರೋಗಿಗೆ ಮೈಮೇಲೆ ಗಾಯವಿಲ್ಲ, ಪ್ರಜ್ಞೆಯೂ ಇಲ್ಲ. ಏನು ಬರೆಯಬೇಕೆಂದು ತಿಳಿಯದೆ ಅವಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು.

ಖಾಲಿ ಜಾಗವನ್ನು ತೋರಿಸಿ, ಇದು 'ಮೃತ' ಅಲ್ಲ ತಾನೆ ಎಂದು ಕೇಳಿದರೆ ಎಸ್‌ಕ್ಯುಎಲ್ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಎನ್ನುವುದಿಲ್ಲ. ಗೊತ್ತಿಲ್ಲ ಎನ್ನುತ್ತದೆ, ಗೊತ್ತಿಲ್ಲದವರನ್ನು ಎರಡೂ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪಾಲಕ ಇದನ್ನು ಓದಿಕೊಂಡಿದ್ದ, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕವನ್ನೂ ತೆಗೆದಿದ್ದ.

ಟೇಬಲ್‌ನಲ್ಲಿ ಒಟ್ಟು ಸಾವಿರದ ನಲವತ್ತಮೂರು ಸಾಲುಗಳಿದ್ದವು. ಎರಡು ಪಟ್ಟಿ ಸೇರಿಸಿದರೆ ಸಾವಿರದ ಏಳು. ಮಿಕ್ಕ ಮೂವತ್ತಾರು ಹೆಸರುಗಳನ್ನು ಅವನು ಒಂದು ಹಾಳೆಗೆ ಇಳಿಸಿಕೊಂಡು ಕಿಟಕಿಯ ಹೊರಗೆ ಹೋಗಿ ಗಟ್ಟಿಯಾಗಿ ಓದಿದ. ಕೇಳಲು ಹೆಚ್ಚು ಜನರಿರಲಿಲ್ಲ. ದಿನಾ ಬಂದು ಇಲ್ಲ ಎನ್ನಿಸಿಕೊಂಡವರು ಸೋತು, ತಿಥಿ ಮುಗಿಸಿ, ತಮ್ಮ ತಮ್ಮ ದಾರಿ ಹಿಡಿದಿದ್ದರು. ಅವನು ಕೊನೆಯ ಹೆಸರಿನವರೆಗೂ ಓದಿದ.

ಮೇಷ್ಟ್ರು ಕತೆ ನಿಲ್ಲಿಸಿದರು.

ಭಾರ್ಗವಿಗೆ ಸಿಟ್ಟೇ ಬಂದಿತ್ತು. "ಪಾಲಕನದು ತಪ್ಪು ಸರಿ, ಆದರೆ ಆ ನರ್ಸ್? ಹನ್ನೊಂದು ದಿನ ಆ ಜಾಗವನ್ನು ಹಾಗೇ ಖಾಲಿ ಬಿಟ್ಟಳಲ್ಲ ಸರ್, ಅವಳದೇ ದೊಡ್ಡ ತಪ್ಪಲ್ಲವೇ?"

ಮೇಷ್ಟ್ರು ಹೇಳಿದರು: "ಆ ಜಾಗ ಖಾಲಿ ಇದ್ದಷ್ಟು ದಿನವೇ, ತಾಯಿ, ಅವನು ಬದುಕಿದ್ದದ್ದು."